ಸವಾ ಸೂತು ಮತ್ತು ನಾಲ್ಕು ಮಿಲಿಮೀಟರು

ಸಾಂಗೆಗೆ ಹೊಸದಾಗಿ ಬಂದವರು ಪೇಟೆಯಲ್ಲಿ ಮೊದಲು ಕಲಿಯುವ ಕೊಂಕಣಿ ಮಾತು "ಕಿತೆಂ ಜಾಯ್?" ಅಂದರೆ ಏನು ಬೇಕು ಅಂತ. ಎರಡನೆಯದು "ಮೆಳನಾ". ಅಂದರೆ ಸಿಗೋದಿಲ್ಲ! ನಮ್ಮದು ಸಣ್ಣ ಪೇಟೆ. ಅಕ್ಕಿ, ಮೀನು, ಛತ್ರಿ, ಸಿಮೆಂಟು, ಪಂಪಿನ ಪೈಪು ಎಲ್ಲ ಸಿಗುತ್ತದೆ. ಆದರೆ ಮನೆಯಲ್ಲಿ ಒಂದು ಯಂತ್ರ ಕೆಟ್ಟು, ಅದರೊಳಗಿನ ಒಂದು ಚಿಕ್ಕ ತುಂಡು ಬೇಕು ಅಂತ ಹೊರಟಿರೋ, ಅಂಗಡಿ ಅಂಗಡಿಯಲ್ಲೂ ಈ ಎರಡನೇ ಮಾತನ್ನೇ ಕೇಳಬೇಕು. ಕಳೆದ ಮೇ ತಿಂಗಳ ರಜೆಯಲ್ಲಿ ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರ್ ಸಲುವಾಗಿ ನಾನು ಹದಿನೈದು ದಿನ ಅದನ್ನೇ ಕೇಳಿದೆ. ಕೊನೆಗೆ ಯಂತ್ರ ಸರಿಯಾಯಿತು ಅನ್ನಿ. ಆದರೆ ಯಾವ ತುಂಡು ಸಿಕ್ಕಿತು, ಯಾವುದು ಸಿಗಲಿಲ್ಲ, ಯಾಕೆ ಸಿಗಲಿಲ್ಲ ಅನ್ನುವುದರಲ್ಲಿ ನನಗೊಂದು ಪಾಠ ಕಂಡಿತು. ಶಾಲೆಯಲ್ಲಿ ಕಲಿಸುವವರ ಚಾಳಿ ನೋಡಿ, ಪಾಠ ಕಂಡರೆ ಹೇಳದೆ ಇರೋಕಾಗಲ್ಲ.

"ನಿಮ್ಮ ಊರಲ್ಲಿ ಪೊರಕೆ ಸಾಲದೆ?" ಅಂತ ಕೇಳುವವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸಾಂಗೆ ಗಣಿ ತಾಲೂಕು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ರಸ್ತೆಬದಿಯ ಮನೆಗಳ ಕಿಟಕಿ, ತುಳಸಿಕಟ್ಟೆ, ಒಣಗಿಸಿದ ಸೀರೆ ಎಲ್ಲ ಕೆಂಪು. 2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದವು. 2014ರಲ್ಲಿ ಕೋರ್ಟು ವರ್ಷಕ್ಕೆ ಇಷ್ಟೇ ಅಂತ ಮಿತಿ ಹಾಕಿ ಆ ನಿಷೇಧ ತೆಗೆಯಿತು, ಲಾರಿಗಳು ಮತ್ತೆ ಬಂದವು. 2018ರ ಫೆಬ್ರವರಿಯಲ್ಲಿ 88 ಗಣಿ ಗುತ್ತಿಗೆಗಳನ್ನು ಅದೇ ಕೋರ್ಟು ರದ್ದು ಮಾಡಿತು, ಮಾರ್ಚ್ ಹೊತ್ತಿಗೆ ಮತ್ತೆ ನಿಂತಿತು. ಲಾರಿ ಓಡಿದರೆ ಧೂಳು, ನಿಂತರೆ ನಮ್ಮ ಎಷ್ಟೋ ಮಕ್ಕಳ ಅಪ್ಪಂದಿರಿಗೆ ಕೆಲಸ ಇಲ್ಲ. ಎರಡೂ ಕಷ್ಟವನ್ನು ನಾವು ಕಂಡಿದ್ದೇವೆ.

ನಮ್ಮ ಅತ್ತೆಯವರಿಗೆ ಉಬ್ಬಸ. ಗುಡಿಸಿದರೆ ಧೂಳು ನೆಲದಿಂದ ಎದ್ದು ಮೂಗಿಗೆ ಬರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಾಸಿಗೆಯ ಧೂಳು ತೆಗೆಯಲು ಎಳೆದುಕೊಳ್ಳುವ ಯಂತ್ರ ಇದ್ದರೆ ಒಳ್ಳೆಯದು ಅಂತ ಡಾಕ್ಟರು ಹೇಳಿದ್ದರಿಂದ 2016ರಲ್ಲಿ ಅದು ಮನೆಗೆ ಬಂತು. ಬಂದ ಮೇಲೆ ರಾತ್ರಿ ಕೆಮ್ಮುವುದು ಕಡಿಮೆಯಾಯಿತು. ಹಾಗಾಗಿ ಅದು ಕೆಟ್ಟು ಕೂತಾಗ ಮೂಲೆಗಿಟ್ಟು ಮರೆಯುವ ಹಾಗಿರಲಿಲ್ಲ. ಎರಡನೇ ವಾರದಲ್ಲೇ ಅತ್ತೆ ರಾತ್ರಿ ಎದ್ದು ಕೂರಲು ಶುರು ಮಾಡಿದ್ದರು.

ಉಬ್ಬಸಕ್ಕೂ ಈ ಯಂತ್ರಕ್ಕೂ ಹಳೆಯ ನಂಟು ಇದೆ. 1901ರಲ್ಲಿ ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು ಧೂಳು ಎಳೆಯುವ ಯಂತ್ರ ಮಾಡಿದ್ದು ನಿಜ. ಆದರೆ ಅದು ಕುದುರೆಗಾಡಿಯ ಮೇಲೆ ಊರೂರು ಸುತ್ತುವಷ್ಟು ದೊಡ್ಡದು. ಮನೆಯಲ್ಲಿ ಕೈಯಲ್ಲಿ ಹಿಡಿಯುವಂಥ ವಿದ್ಯುತ್ ಯಂತ್ರ ಮಾಡಿ ಹೆಸರಾದವರು ಅಮೆರಿಕದ ಓಹಾಯೋದ ಕ್ಯಾಂಟನ್ ಊರಿನ ಜೇಮ್ಸ್ ಮರೆ ಸ್ಪ್ಯಾಂಗ್ಲರ್. ದೊಡ್ಡ ಓದಿನವರಲ್ಲ, ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸ. ಅವರಿಗೂ ಉಬ್ಬಸ! ಕಾರ್ಪೆಟ್ಟಿನ ಧೂಳಿನಿಂದಲೇ ಕೆಮ್ಮು ಬರುತ್ತದೆ ಅಂತ ತಿಳಿದು, ಫ್ಯಾನಿನ ಮೋಟರು, ಸಾಬೂನಿನ ಪೆಟ್ಟಿಗೆ, ಪೊರಕೆಯ ಹಿಡಿಕೆ, ದಿಂಬಿನ ಗವಸು ಸೇರಿಸಿ ಒಂದು ಯಂತ್ರ ಕಟ್ಟಿದರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಚರ್ಮದ ಸಾಮಾನಿನ ವ್ಯಾಪಾರಿ ವಿಲಿಯಂ ಹೂವರ್ ಅದನ್ನು ಕೊಂಡು ಜಗತ್ತಿಗೆಲ್ಲ ಮಾರಿದರು. ನೋಡಿ, ಆ ವ್ಯಾಕ್ಯೂಮ್ ಕ್ಲೀನರ್ ಹುಟ್ಟಿದ್ದೇ ಮನೆಯಲ್ಲಿದ್ದ ಸಾಮಾನು ಜೋಡಿಸಿ. ಅದರ ಬಿಡಿಭಾಗವೆಲ್ಲ ಯಾವ ಅಂಗಡಿಯಲ್ಲೂ ಸಿಗುವಂಥದ್ದು. ನೂರು ವರ್ಷದಲ್ಲಿ ಯಂತ್ರ ಚೆಂದವಾಯಿತು, ಬಿಡಿಭಾಗ ದೂರವಾಯಿತು.

ನಮ್ಮ ದೇಶದಲ್ಲಿ ಈ ಯಂತ್ರ ಮನೆಮನೆಗೆ ಗೊತ್ತಾದದ್ದು 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್‌ನ ಟೈ ಕಟ್ಟಿದ ಹುಡುಗರಿಂದ. ಬಾಗಿಲು ತಟ್ಟಿ ಒಳಗೆ ಬಂದು, ಹಾಸಿಗೆಯ ಧೂಳು ಎಳೆದು ತೋರಿಸಿ ನಮ್ಮನ್ನೇ ನಾಚಿಸುತ್ತಿದ್ದರಲ್ಲ, ನೆನಪಿದೆಯೆ? ನಮ್ಮ ಮನೆಯದು ಆ ಕಂಪನಿಯದಲ್ಲ. ಬೇರೆಯದು, ಹೆಸರು ಬೇಡ.

ಈಗ ಕಾಯಿಲೆಗೆ ಬರುತ್ತೇನೆ. ಮೊದಲು ಕಿರ್ರ್ ಅಂತ ಕಿರುಚಾಟ. ಆಮೇಲೆ ಗಾಳಿ ಬರುವ ಕಂಡಿಯಲ್ಲಿ ಕಿಡಿ ಮತ್ತು ಸುಟ್ಟ ವಾಸನೆ. ಎಳೆಯುವ ಶಕ್ತಿ ಅರ್ಧಕ್ಕರ್ಧ ಇಳಿದಿತ್ತು. ಕೊಳವೆಯ ತುದಿ ಯಂತ್ರಕ್ಕೆ ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಕೊಂಡಿಯೂ ಮುರಿದಿತ್ತು. ಕಂಪನಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ತುಂಬ ಮರ್ಯಾದೆಯಿಂದ, "ಮೇಡಂ, ಆ ಮಾಡೆಲ್ ನಿಂತುಹೋಗಿದೆ, ಪಾರ್ಟ್ಸ್ ಬರೋದಿಲ್ಲ, ಹೊಸದಕ್ಕೆ ಡಿಸ್ಕೌಂಟ್ ಇದೆ" ಅಂದಳು. ಅಂದರೆ ಮೆಳನಾ. ಹೊಸದಕ್ಕೆ ಒಂಬತ್ತು ಸಾವಿರ. ಅತ್ತೆ ಕೇಳಿದರು, "ಮೈಯೆಲ್ಲ ಗಟ್ಟಿ ಇದೆ, ಹಲ್ಲು ನೋವು ಅಂತ ಮನುಷ್ಯನನ್ನೇ ಬಿಸಾಡ್ತಾರೇನೆ?"

ಪ್ಲಗ್ ಕಿತ್ತು, ಹಳೆಯ ಬೆಡ್‌ಶೀಟು ಹಾಸಿ ಬಿಚ್ಚಲು ಕೂತೆ. ಬಿಚ್ಚುತ್ತ ಹೋದ ಹಾಗೆ ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ. ಎಲ್ಲ ಬಿಚ್ಚಿದ ಮೇಲೆ ಚೀಟಿ ಬರೆದೆ: ಬೇರಿಂಗ್ ಒಂದು, ಕಾರ್ಬನ್ ಬ್ರಷ್ ಒಂದು ಜೊತೆ, ಮೋಟರು ಕೂರಿಸುವ ಸ್ಕ್ರೂ ಎರಡು (ಹಳೆಯವು ತುಕ್ಕು ಹಿಡಿದು ತಲೆ ಸವೆದಿದ್ದವು, ನಮ್ಮ ಮಳೆಗಾಲ ಅಂಥದ್ದು), ಮೋಟರು ಮತ್ತು ಧೂಳಿನ ಡಬ್ಬದ ನಡುವಿನ ರಬ್ಬರ್ ಬಳೆ ಒಂದು, ಕೊಳವೆಯ ತುದಿ ಒಂದು. ಒಟ್ಟು ಐದು ಬಗೆ.

ಮೊದಲು ಬೇರಿಂಗ್. ಇದೇ ಕಷ್ಟ ಅಂದುಕೊಂಡಿದ್ದೆ, ಇದೇ ಸುಲಭವಾಯಿತು. ಕದಂಬ ಬಸ್ಸು ಹತ್ತಿ ಕುಡಚಡೆಗೆ ಹೋದೆ. ಪಂಪು, ಬೈಕಿನ ಸಾಮಾನು ಮಾರುವ ಅಂಗಡಿಯವನು "ಕಿತೆಂ ಜಾಯ್, ಬಾಯ್?" ಅಂದ. ಹಳೆಯ ಬೇರಿಂಗ್ ಕೊಟ್ಟೆ. ಅದರ ಅಂಚನ್ನು ಬಟ್ಟೆಯಿಂದ ಒರೆಸಿ ಕನ್ನಡಕ ಏರಿಸಿ ನೋಡಿ "608" ಅಂದ, ಹಿಂದೆ ತಿರುಗಿ ಒಂದು ಚಿಕ್ಕ ಡಬ್ಬಿ ತೆಗೆದು ಇಟ್ಟ. ಯಾವ ಕಂಪನಿಯ ಯಂತ್ರ, ಯಾವ ಮಾಡೆಲ್, ಒಂದೂ ಕೇಳಲಿಲ್ಲ. ಎಪ್ಪತ್ತು ರೂಪಾಯಿ.

ಈ 608 ಅನ್ನುವುದು ಯಾವುದೋ ಒಂದು ಕಂಪನಿಯ ಗುಟ್ಟಿನ ನಂಬರಲ್ಲ. ಒಳಗಿನ ತೂತು 8 ಮಿಲಿಮೀಟರ್, ಹೊರಗಿನ ಅಡ್ಡಳತೆ 22, ದಪ್ಪ 7. ಜಪಾನಿನಲ್ಲಿ ಮಾಡಿದರೂ ಅಷ್ಟೇ, ಪುಣೆಯಲ್ಲಿ ಮಾಡಿದರೂ ಅಷ್ಟೇ. ಅದರ ಮುಂದೆ ಜೆಡ್‌ಜೆಡ್ ಅಂತಿದ್ದರೆ ಎರಡೂ ಬದಿಗೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರಿನ ಮುಚ್ಚಳ. ನಿಮ್ಮ ಮನೆಯ ಸೀಲಿಂಗ್ ಫ್ಯಾನಿನಲ್ಲಿ ಸಾಮಾನ್ಯವಾಗಿ 6202 ಇರುತ್ತದೆ, ಅದರ ತೂತು 15 ಮಿಲಿಮೀಟರ್. 6204 ಇದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿ, 20 ಮಿಲಿಮೀಟರ್. 6205ಕ್ಕೆ 25. 04ರಿಂದ ಮೇಲೆ ಈ ಲೆಕ್ಕ ನಡೆಯುತ್ತದೆ. ಎಂಥ ಚೆಂದದ ಗುಣಾಕಾರ ನೋಡಿ! ಯಾವ ಗಣಿತದ ಪುಸ್ತಕದಲ್ಲೂ ಈ ಉದಾಹರಣೆ ನಾನು ಕಂಡಿಲ್ಲ.

ಎರಡನೆಯದು ಕಾರ್ಬನ್ ಬ್ರಷ್. ಬ್ರಷ್ ಅಂದರೆ ಕೂದಲಿರುವ ಬ್ರಷ್ ಅಲ್ಲ, ಪೆನ್ಸಿಲ್ ಕಡ್ಡಿಯ ಜಾತಿಯ ಕರಿ ಇಟ್ಟಿಗೆ, ಹಿಂದೊಂದು ಸ್ಪ್ರಿಂಗು. ತಿರುಗುವ ತಾಮ್ರದ ಪಟ್ಟಿಗಳ ಮೇಲೆ ಎರಡು ಕಡೆಯಿಂದ ಒತ್ತಿಕೊಂಡು ಕರೆಂಟು ದಾಟಿಸುವುದು ಅದರ ಕೆಲಸ. ಮಿಕ್ಸಿಯಲ್ಲೂ ಇದೆ, ಡ್ರಿಲ್ಲಿನಲ್ಲೂ ಇದೆ. ವ್ಯಾಕ್ಯೂಮ್ ಕ್ಲೀನರ್ ಮೋಟರು ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಇದು ಸವೆಯದೆ ಇನ್ನೇನಾದೀತು? ಸವೆಯಲೆಂದೇ ಇಟ್ಟ ತುಂಡು ಅದು. ಅದು ಗಿಡ್ಡವಾದಾಗ ಸ್ಪ್ರಿಂಗಿನ ಒತ್ತಡ ಸಾಲದೆ ಕಿಡಿ ಹಾರುತ್ತದೆ.

ಮೋಟರ್ ವೈಂಡಿಂಗ್ ಅಂಗಡಿಯ ವಯಸ್ಸಾದವರೊಬ್ಬರು ಹಳೆಯದನ್ನು ಅಂಗೈಯಲ್ಲಿಟ್ಟು ನೋಡಿ, "ಇದೇ ಮೆಳನಾ" ಅಂದರು. "ಆದರೆ ಇದರ ಅಣ್ಣ ಇದ್ದಾನೆ." ಡ್ರಿಲ್ ಯಂತ್ರದ ಸ್ವಲ್ಪ ದಪ್ಪನೆಯ ಬ್ರಷ್ ತೆಗೆದು, ಗಾಜಿನ ತುಂಡಿನ ಮೇಲೆ ಪಾಲಿಶ್ ಪೇಪರ್ ಹಾಸಿ ನಾಲ್ಕೂ ಬದಿ ಸಮವಾಗಿ ತಿಕ್ಕಿದರು. ತಿಕ್ಕುವುದು, ಗೂಡಿನೊಳಗೆ ಬಿಟ್ಟು ನೋಡುವುದು, ಮತ್ತೆ ತಿಕ್ಕುವುದು. ತನ್ನ ಭಾರಕ್ಕೇ ಜಾರಿ ಇಳಿಯಬೇಕು, ಆದರೆ ಅಲ್ಲಾಡಬಾರದು. ಬಿಗಿಯಾದರೆ ಸಿಕ್ಕಿಕೊಂಡು ಮತ್ತೆ ಕಿಡಿ, ಸಡಿಲಾದರೆ ಕುಣಿದು ಕಿಡಿ. ಒಂದೇ ಸವೆದಿದ್ದರೂ ಎರಡನ್ನೂ ಬದಲಿಸಬೇಕು ಅಂದರು. ಹೊಸ ಬೇರಿಂಗನ್ನೂ ಅವರೇ ಕೂರಿಸಿದರು, ಅದಕ್ಕೆ ಎಳೆಯುವ ಸಲಕರಣೆ ಬೇಕು, ಸುತ್ತಿಗೆಯಿಂದ ಬಡಿಯುವ ಕೆಲಸ ಅಲ್ಲ. ರಬ್ಬರ್ ಬಳೆಯನ್ನೂ ಅಲ್ಲೇ 3 ಮಿಲಿಮೀಟರ್ ದಪ್ಪದ ಗ್ಯಾಸ್ಕೆಟ್ ಶೀಟಿನಲ್ಲಿ ಹಳೆಯದನ್ನೇ ಅಚ್ಚು ಮಾಡಿಕೊಂಡು ಕತ್ತರಿಯಿಂದ ಕತ್ತರಿಸಿದೆವು. ಹಳೆಯದು ಒಣಗಿ ಬಿರುಕು ಬಿಟ್ಟು ಗಾಳಿ ಸೋರುತ್ತಿತ್ತು. ಎಳೆಯುವ ಶಕ್ತಿ ಇಳಿದದ್ದು ಅದರಿಂದಲೇ.

ಮೂರನೆಯದು ಸ್ಕ್ರೂ. ಯಃಕಶ್ಚಿತ್ ಸ್ಕ್ರೂ! ಇದಕ್ಕೇ ನಾಲ್ಕು ಅಂಗಡಿ ತಿರುಗಿದ್ದು.

ಮೊದಲ ಅಂಗಡಿಯಾತ ನನ್ನ ಕೈಯಲ್ಲಿದ್ದ ತುಕ್ಕಿನ ಸ್ಕ್ರೂ ನೋಡಿ "ಯಜಮಾನ್ರನ್ನ ಕಳಿಸಿ ಬಾಯ್" ಅಂತ ನಕ್ಕ. ಎರಡನೆಯವನಲ್ಲಿ ಮೆಳನಾ. ಮೂರನೆಯವನು ಡಬ್ಬಿಯಿಂದ ಒಂದು ಹಿಡಿ ಸುರಿದು "ಸವಾ ಸೂತ್, ಇದೇ" ಅಂತ ಕೊಟ್ಟ. ನೋಡಲು ಹಳೆಯದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಅಲ್ಲೇ ಮೋಟರಿನ ತೂತಿಗೆ ಬೆರಳಿಂದ ತಿರುಗಿಸಿ ನೋಡಿದೆ. ಎರಡು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿ. "ಪಕ್ಕಡ್ ಹಚ್ಚಿ ತಿರುಗಿಸಿ, ಹೋಗ್ತದೆ" ಅಂದ ಅಂಗಡಿಯಾತ. ನಾನು ತಿರುಗಿಸಲಿಲ್ಲ. ತಿರುಗಿಸಿದ್ದರೆ ಅಲ್ಯೂಮಿನಿಯಮ್ಮಿನ ಮರೆ ಕಿತ್ತುಬರುತ್ತಿತ್ತು.

ಸೂತು ಅಂದರೆ ಏನು ಅಂತ ನಮ್ಮ ಓದುಗರಲ್ಲಿ ಗವಂಡಿ, ಬಡಗಿ, ಫಿಟ್ಟರ್ ಮನೆತನದವರಿಗೆ ಹೇಳಬೇಕಿಲ್ಲ. ಒಂದು ಇಂಚಿನಲ್ಲಿ ಎಂಟನೇ ಒಂದು ಭಾಗ. ಇಂಚು 25.4 ಮಿಲಿಮೀಟರ್, ಎಂಟರಿಂದ ಭಾಗಿಸಿದರೆ ಒಂದು ಸೂತು 3.175. ಸವಾ ಸೂತು ಅಂದರೆ ಒಂದೂಕಾಲು, ಲೆಕ್ಕ ಹಾಕಿ, 3.97 ಮಿಲಿಮೀಟರ್. ನನ್ನ ಯಂತ್ರದ ಸ್ಕ್ರೂ 4 ಮಿಲಿಮೀಟರಿನದು. 3.97 ಎಲ್ಲಿ, 4 ಎಲ್ಲಿ! ಕಣ್ಣಿಗೆ ಎರಡೂ ಒಂದೇ. ಆದರೆ ಮರೆ ಬೇರೆ. ಸವಾ ಸೂತಿನದರಲ್ಲಿ ಇಂಚಿಗೆ 32 ಮರೆ, ಅಂದರೆ ಒಂದು ಮರೆಯಿಂದ ಇನ್ನೊಂದಕ್ಕೆ 0.79 ಮಿಲಿಮೀಟರ್. ನಾಲ್ಕು ಮಿಲಿಮೀಟರಿನ ಮೆಟ್ರಿಕ್ ಸ್ಕ್ರೂವಿನಲ್ಲಿ ಈ ದೂರ 0.7. ಎರಡು ಸುತ್ತಿನವರೆಗೆ ಹೇಗೋ ಹೊಂದಿಕೊಂಡು ಹೋಗುತ್ತದೆ, ಆಮೇಲೆ ಒಂದರ ಹಲ್ಲು ಇನ್ನೊಂದರ ಹಲ್ಲಿಗೆ ಏರುತ್ತದೆ. ಹೀಗೇ ಎರಡು ಸೂತು 6.35, ಅದರ ಮೆಟ್ರಿಕ್ ನೆರೆಯವನು 6. ಮೂರು ಸೂತು 9.525, ನೆರೆಯವನು 10.

ಭಾರತದಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂದದ್ದು 1956ರಲ್ಲಿ. ನಯಾ ಪೈಸೆ 1957ರಲ್ಲಿ ಬಂತು, ಸೇರು ಹೋಗಿ ಕಿಲೋ ಬಂತು. ಪಠ್ಯಪುಸ್ತಕದಲ್ಲಿ ಇಂಚು ಹೆಚ್ಚುಕಡಿಮೆ ಸತ್ತೇ ಹೋಗಿದೆ. ಆದರೆ ಹಾರ್ಡ್‌ವೇರ್ ಅಂಗಡಿಯ ಡಬ್ಬಿಗಳಲ್ಲಿ ಇಂಚೂ ಸೂತೂ ಮಿಲಿಮೀಟರೂ ಒಂದೇ ಮನೆಯ ಓರಗಿತ್ತಿಯರ ಹಾಗೆ ಅಕ್ಕಪಕ್ಕ ಇವೆ. ಮಾತಾಡಿಕೊಳ್ಳುವುದಿಲ್ಲ ಅಷ್ಟೇ. ಕೊನೆಗೆ ನಾಲ್ಕನೇ ಅಂಗಡಿಯಲ್ಲಿ "ಎಂ ನಾಲ್ಕು, ಉದ್ದ ಹನ್ನೆರಡು" ಅಂತ ಅಳತೆ ಹೇಳಿ ಕೇಳಿದೆ. ಅಂಗಡಿಯಾತ ಒಮ್ಮೆ ಮುಖ ನೋಡಿ ಸುಮ್ಮನೆ ತೆಗೆದುಕೊಟ್ಟ. ಎರಡು ರೂಪಾಯಿಗೊಂದು.

ಉಳಿದದ್ದು ಕೊಳವೆಯ ತುದಿ. ಇದು ಎಲ್ಲಿಯೂ ಇಲ್ಲ. ಸಾಂಗೆಯಲ್ಲಿ ಮೆಳನಾ, ಕುಡಚಡೆಯಲ್ಲಿ ಮೆಳನಾ, ಮಡಗಾಂವಿನಲ್ಲೂ ಮೆಳನಾ. ಈ ಯಂತ್ರಗಳ ಕೊಳವೆಗಳು ಬಹುಪಾಲು 32 ಅಥವಾ 35 ಮಿಲಿಮೀಟರಿನವು. ಅಷ್ಟರ ಮಟ್ಟಿಗೆ ಸರಿ. ಆದರೆ ತುದಿಯ ಕೊಂಡಿ ಒಬ್ಬೊಬ್ಬರದು ಒಂದೊಂದು ಥರ. ಒಂದಕ್ಕೆ ಒತ್ತುವ ಗುಂಡಿ, ಒಂದಕ್ಕೆ ತಿರುಗಿಸುವ ಕಿವಿ, ಒಂದಕ್ಕೆ ಎರಡು ಹಲ್ಲು. ಅದೇ ಕಂಪನಿಯ ಮುಂದಿನ ಮಾಡೆಲ್ಲಿಗೇ ಹಿಂದಿನದು ಕೂಡುವುದಿಲ್ಲ. ಆನ್‌ಲೈನಿನಲ್ಲಿ "ಎಲ್ಲ ಮಾಡೆಲ್‌ಗೂ ಆಗುತ್ತದೆ" ಅಂತ ಇದ್ದದ್ದರ ಚಿತ್ರ ನೋಡಿದರೆ ಹಲ್ಲೇ ಬೇರೆ.

ಆಗ ನೆನಪಾದದ್ದು ನಮ್ಮ ಶಾಲೆಯ ಒಬ್ಬ ಹುಡುಗನ ಅಪ್ಪ. ವಿಜಯಪುರದ ಕಡೆಯವರು. 2018ರವರೆಗೆ ಅದಿರಿನ ಲಾರಿ ಓಡಿಸುತ್ತಿದ್ದರು, ಲಾರಿ ನಿಂತ ಮೇಲೆ ಗುಜರಿ ವ್ಯಾಪಾರ. ಶಾಲೆಯ ದಾಖಲೆಯಲ್ಲಿ ಹುಡುಗ ಅಪ್ಪನ ಕೆಲಸ "ಬಿಸಿನೆಸ್" ಅಂತ ಬರೆಸಿದ್ದ. ಪಾಲಕರ ಸಭೆಗೆ ತಾಯಿ ಬರುತ್ತಿದ್ದರು, ಅವರು ಬಂದವರಲ್ಲ. ತಗಡಿನ ಶೆಡ್ಡಿಗೆ ನಾನು ಹೋದಾಗ ಗಡಬಡಿಸಿ ಎದ್ದು ಕುರ್ಚಿ ಒರೆಸಿದರು.

ಮುರಿದ ತುಂಡು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಹಲ್ಲು ಸವರಿ, "ಅಕ್ಕೋರ, ಇದನ್ನ ಅಂಗಡ್ಯಾಗ ಕೇಳಬ್ಯಾಡ್ರಿ. ಬೇರಿಂಗ್ ಆಗ್ಲಿ ಬೋಲ್ಟ್ ಆಗ್ಲಿ ಊರ ಮಂದೀದು. ಇದು ಕಂಪನಿಯವ್ರ ಮನಸ್ಸಿನ್ಯಾಗಿಂದು. ಅಂಗಡ್ಯಾಗ ಸಿಗೂದಿಲ್ಲ, ಸತ್ತದ್ರಾಗ ಸಿಗತೈತಿ" ಅಂದರು. ಶೆಡ್ಡಿನ ಹಿಂದೆ ಒಂದು ಗೋಣಿಚೀಲದಲ್ಲಿ ಸತ್ತ ವ್ಯಾಕ್ಯೂಮ್ ಕ್ಲೀನರ್‌ಗಳ ಕೊಳವೆಗಳೇ ಹಾವಿನ ಹಾಗೆ ಸುತ್ತಿಕೊಂಡು ಬಿದ್ದಿದ್ದವು. ಒಂದೊಂದೇ ಎಳೆದು ಹೊಂದಿಸಿ ನೋಡಿದರು. ನಮ್ಮ ಮಾಡೆಲ್ಲಿನದು ಇರಲಿಲ್ಲ. ಬೇರೆ ಕಂಪನಿಯ ಒಂದು ತುದಿಯ ಹಲ್ಲು ಸರಿಬಂತು, ಆದರೆ ಬಾಯಿ ಎರಡು ಮಿಲಿಮೀಟರ್ ಸಣ್ಣದು, ಗಾಳಿ ಸೋರುತ್ತದೆ. ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ ಅದಕ್ಕೆ ತೊಡಿಸಿದರು. ಬಿಗಿಯಾಗಿ ಕೂತಿತು.

ದುಡ್ಡು ಎಷ್ಟು ಅಂದರೆ "ಬ್ಯಾಡ್ರಿ ಅಕ್ಕೋರ" ಅಂದರು. ಒತ್ತಾಯ ಮಾಡಿದಾಗ ತಕ್ಕಡಿಗೆ ಹಾಕಿ, "ತೂಕಕ್ಕ ಎಂಟು ರೂಪಾಯಿ ಆಗತೈತ್ರಿ" ಅಂತ ನಕ್ಕರು. ಒಂಬತ್ತು ಸಾವಿರದ ಯಂತ್ರವನ್ನು ಉಳಿಸಿದ ತುಂಡಿನ ಬೆಲೆ ಎಂಟು ರೂಪಾಯಿ. ಮಿಲಿಮೀಟರು, ಸೂತು ಆದಮೇಲೆ ಇದು ಮೂರನೇ ಅಳತೆ.

ಮನೆಗೆ ಬಂದು ಫೋಟೋಗಳನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತ ಜೋಡಿಸಿದೆ. ಹೊಸ ಬ್ರಷ್ಷಿನ ತುದಿ ತಾಮ್ರದ ಗುಂಡಿಗೆ ತಕ್ಕಂತೆ ಸವೆದು ಕೂರಲಿ ಅಂತ ಮೊದಲು ಸ್ವಲ್ಪ ಹೊತ್ತು ಖಾಲಿ ಓಡಿಸಿದೆ. ಮೊದಲು ಸಣ್ಣ ನೀಲಿ ಕಿಡಿ, ಆಮೇಲೆ ಅದೂ ಕಡಿಮೆ. ಅಂದು ಸಂಜೆ ಅತ್ತೆಯ ಹಾಸಿಗೆಯ ಧೂಳು ತೆಗೆದಾಯಿತು.

ಈಗ ಪಾಠಕ್ಕೆ ಬರುತ್ತೇನೆ. ಐದರಲ್ಲಿ ಸುಲಭವಾಗಿ ಸಿಕ್ಕಿದ್ದು ಯಾವುದು? ಬೇರಿಂಗ್. ಯಾಕೆಂದರೆ ಅದಕ್ಕೆ ಜಗತ್ತೆಲ್ಲ ಒಪ್ಪಿದ ನಂಬರಿದೆ. ಸ್ಕ್ರೂ ತಡವಾಗಿಯಾದರೂ ಸಿಕ್ಕಿತು, ಅಳತೆಯ ಹೆಸರು ಹೇಳಿದ ಕೂಡಲೇ ಸಿಕ್ಕಿತು. ಬ್ರಷ್ಷನ್ನೂ ಬಳೆಯನ್ನೂ ಕೈಬಲ್ಲವರು ಅಳತೆಗೆ ತಂದರು. ಕೊಳವೆಯ ತುದಿ ಮಾತ್ರ ಸಿಗಲಿಲ್ಲ, ಅದರ ಅಳತೆ ಯಾರೊಂದಿಗೂ ಹಂಚಿಕೊಂಡದ್ದಲ್ಲ. ರಿಪೇರಿ ಆಗುತ್ತದೋ ಇಲ್ಲವೋ ಅನ್ನುವುದು ಊರು ಚಿಕ್ಕದೋ ದೊಡ್ಡದೋ ಅನ್ನುವುದಕ್ಕಿಂತ ಆ ತುಂಡಿನ ಅಳತೆ ಎಲ್ಲರದೋ ಒಬ್ಬರದೋ ಅನ್ನುವುದರ ಮೇಲೆ ನಿಂತಿದೆ.

ಸ್ಕ್ರೂಗಳೂ ಹಿಂದೆ ಹೀಗೇ ಇದ್ದವು. ಒಂದೊಂದು ಕಾರ್ಖಾನೆಯದು ಒಂದೊಂದು ಮರೆ, ಇಲ್ಲಿಯ ನಟ್ಟು ಅಲ್ಲಿಯ ಬೋಲ್ಟಿಗೆ ಹತ್ತುತ್ತಿರಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಬೇರೆ ಬೇರೆ ಕಾರ್ಖಾನೆಗಳ ಸ್ಕ್ರೂಗಳನ್ನು ಸಂಗ್ರಹಿಸಿ, ಸರಾಸರಿ ನೋಡಿ, ಎಲ್ಲರೂ ಒಂದೇ ಮರೆ ಬಳಸೋಣ ಅಂದರು. ರೈಲ್ವೆಯವರು ಒಪ್ಪಿದರು, ಉಳಿದವರೂ ಬಂದರು. ನಮ್ಮ ಅಂಗಡಿಯ ಸೂತಿನ ಬೋಲ್ಟು ಆ ವಿಟ್‌ವರ್ತ್ ಮನೆತನದ್ದೇ. ಕಬ್ಬಿಣಕ್ಕೆ ಅಂದು ಬಂದ ಬುದ್ಧಿ ಪ್ಲಾಸ್ಟಿಕ್ಕಿನ ಕೊಂಡಿಗೆ ಇನ್ನೂ ಬಂದಿಲ್ಲ.

ಬರಬೇಕು ಅಂತ ಪ್ರಯತ್ನ ನಡೆದಿದೆ. ಫ್ರಾನ್ಸಿನಲ್ಲಿ 2021ರಿಂದ ಕೆಲವು ಯಂತ್ರಗಳ ಮೇಲೆ ರಿಪೇರಿಗೆ ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂಕ ಅಂತ ಬರೆಯಬೇಕು. 2022ರಲ್ಲಿ ವ್ಯಾಕ್ಯೂಮ್ ಕ್ಲೀನರನ್ನೂ ಆ ಪಟ್ಟಿಗೆ ಸೇರಿಸಿದರು. ಬಿಚ್ಚಲು ಸುಲಭವೆ, ಬಿಡಿಭಾಗ ಸಿಗುತ್ತದೆಯೆ, ಅದರ ಬೆಲೆ ಎಷ್ಟು, ಬಿಚ್ಚುವ ಬಗೆ ತಿಳಿಸುವ ಕೈಪಿಡಿ ಕೊಡುತ್ತಾರೆಯೆ ಅಂತ ನೋಡಿ ಅಂಕ. ನಮ್ಮ ಪ್ರೋಗ್ರೆಸ್ ಕಾರ್ಡಿನ ಹಾಗೆಯೇ! ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲಿ ಅಂತ ಪೋರ್ಟಲ್ ತೆರೆಯಿತು. ಯಂತ್ರ ಕೊಳ್ಳುವಾಗ ನಾವು ಬಣ್ಣ, ಬೆಲೆ, ವಾರಂಟಿ ಕೇಳುತ್ತೇವೆ. ಜೊತೆಗೆ "ಇದರ ಕೊಳವೆ, ಬ್ರಷ್ ಬೇರೆಯಾಗಿ ಸಿಗುತ್ತದೆಯೆ, ಎಷ್ಟು ವರ್ಷ?" ಅಂತಲೂ ಕೇಳಬೇಕು. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿಗುತ್ತದೆ.

ಇನ್ನು ನಮ್ಮ ಶಾಲೆಗಳ ಮಾತು. ನಮ್ಮ ಮಕ್ಕಳ ಮನೆಯಲ್ಲಿ ಸೂತು ಇದೆ, ಪುಸ್ತಕದಲ್ಲಿ ಮಿಲಿಮೀಟರ್ ಇದೆ. ಮನೆಯ ಅಳತೆ ಅಂದರೆ ಓದದವರ ಅಳತೆ ಅಂತ ಮಕ್ಕಳು ಹೇಗೋ ತಿಳಿದುಕೊಂಡುಬಿಡುತ್ತಾರೆ. ಅಪ್ಪನ ಕೆಲಸವನ್ನು "ಬಿಸಿನೆಸ್" ಅಂತ ಬರೆಸುವುದು ಅದಕ್ಕೇ. ಜೂನಿನಲ್ಲಿ ಶಾಲೆ ಶುರುವಾದಾಗ ಆ ಅಪ್ಪನನ್ನು ಒಂದು ಶನಿವಾರ ಬರಹೇಳಿದೆ. "ನಾ ಏನ್ ಕಲಸ್ಲಿರಿ, ನಾ ನಾಕನೆತ್ತೆ ಓದಿದಾಂವ" ಅಂದರು. ಬರಿ ಸ್ಕ್ರೂ ತನ್ನಿ ಸಾಕು ಅಂದೆ. ಎರಡು ಡಬ್ಬಿ ತಂದರು, ಒಂದರಲ್ಲಿ ಸವಾ ಸೂತಿನವು, ಇನ್ನೊಂದರಲ್ಲಿ 4 ಮಿಲಿಮೀಟರಿನವು, ಕಲಸಿ ಮಕ್ಕಳ ಮುಂದೆ ಸುರಿದರು. ಬೇರ್ಪಡಿಸಿ ಅಂದರು.

ಕಣ್ಣಿನಿಂದ ಯಾರಿಗೂ ಆಗಲಿಲ್ಲ. ಆಮೇಲೆ ಸ್ಕೇಲು ತೆಗೆಸಿದೆ. ಹತ್ತು ಮರೆ ಎಣಿಸಿ ಉದ್ದ ಅಳೆಯಿರಿ. ಒಂದರದು ಸರಿಯಾಗಿ 7 ಮಿಲಿಮೀಟರ್, ಇನ್ನೊಂದರದು ಹತ್ತಿರ ಹತ್ತಿರ 8. ಹತ್ತು ರೂಪಾಯಿಯ ಸ್ಕೇಲಿನಿಂದ ಗೊತ್ತಾಗುವ ವ್ಯತ್ಯಾಸ! ಅವರು ಮಾತ್ರ ಸ್ಕೇಲಿಲ್ಲದೆ, ಎರಡು ಸ್ಕ್ರೂಗಳ ಮರೆಯನ್ನು ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿದು, ಹಲ್ಲಿಗೆ ಹಲ್ಲು ಕೂತರೆ ಒಂದೇ ಜಾತಿ, ನಡುವೆ ಬೆಳಕು ಕಂಡರೆ ಬೇರೆ ಅಂತ ತೋರಿಸಿದರು. ನನಗೂ ಅದು ಹೊಸದು. ಒಬ್ಬ ಹುಡುಗ ಮರುದಿನ ಮುರಿದ ಫಿಡ್ಜೆಟ್ ಸ್ಪಿನ್ನರ್ ತಂದ. ನಡುವಿನ ಬೇರಿಂಗ್ ಅಳೆದರೆ ತೂತು 8, ಹೊರಗೆ 22, ದಪ್ಪ 7. ಅದೇ ನಮ್ಮ 608! ಹಾಗಂತ ಆಟಿಕೆಯದನ್ನು ಮೋಟರಿಗೆ ಹಾಕಬಾರದು, ಅಳತೆ ಒಂದಾದರೂ ಗುಣ ಬೇರೆ ಅಂತ ಅವರೇ ಮಕ್ಕಳಿಗೆ ಹೇಳಿದರು. ಅಂದು ಡಬ್ಬಿಗಳನ್ನು ಗಾಡಿಗೆ ಹೊತ್ತೊಯ್ದವನು ಅವರ ಮಗ. ಗೆಳೆಯರಿಬ್ಬರು ಜೊತೆಗೆ ಹೋದರು.

ಗಡಿಯ ಆ ಕಡೆ, ಈ ಕಡೆ ಇರುವ ನಮ್ಮ ಶಾಲೆಗಳ ಗೆಳೆಯರಿಗೆ ಒಂದು ಸಲಹೆ. ಶಾಲೆಯಲ್ಲಿ ಒಂದು ಖಾಲಿ ಬಿಸ್ಕಿಟ್ ಡಬ್ಬ ಇಡಿ. ಹಳೆಯ ಸ್ಕ್ರೂ, ನಟ್ಟು, ವಾಷರ್, ಬೇರಿಂಗ್, ಸವೆದ ಕಾರ್ಬನ್ ಬ್ರಷ್ ಮನೆಯಿಂದ ತರಲಿ. ಪ್ರತಿಯೊಂದಕ್ಕೂ ಚೀಟಿ: ಮಿಲಿಮೀಟರಿನಲ್ಲಿ ಎಷ್ಟು, ಸೂತಿನಲ್ಲಿ ಎಷ್ಟು, ಮನೆಯಲ್ಲಿ ಏನನ್ನುತ್ತಾರೆ, ಯಾವ ಯಂತ್ರದ್ದು. ದಶಮಾಂಶ ಗುಣಾಕಾರಕ್ಕೆ ಬೇರೆ ಉದಾಹರಣೆ ಬೇಡ. ಮನೆಯಲ್ಲಿ ಯಂತ್ರ ಕೆಟ್ಟರೆ ಪ್ಲಗ್ ಕಿತ್ತ ಮೇಲೆಯೇ ಬಿಚ್ಚಿ, ಫೋಟೋ ತೆಗೆಯಿರಿ. ಹಳೆಯ ತುಂಡು ಎಷ್ಟೇ ಮುರಿದಿರಲಿ ಎಸೆಯದೆ ಅಂಗಡಿಗೆ ಒಯ್ಯಿರಿ. ಕಂಪನಿಯ ಹೆಸರಿಗಿಂತ ಮೊದಲು ಅಳತೆ ಹೇಳಿ. ಯಾವ ಅಳತೆಗೂ ಸಿಕ್ಕದ ತುಂಡಾದರೆ ಹೊಸದು ಕೊಳ್ಳುವ ಮೊದಲು ಗುಜರಿಯವರನ್ನು ಕೇಳಿ. ಅವರ ಮಕ್ಕಳು ನಿಮ್ಮ ತರಗತಿಯಲ್ಲೇ ಇರಬಹುದು.

ನಿಮ್ಮ ಕಡೆ ಸೂತಿಗೆ, ಮರೆಗೆ, ವಾಷರಿಗೆ ಏನನ್ನುತ್ತಾರೆ? ಕಾಸರಗೋಡಿನವರು, ಸೊಲ್ಲಾಪುರದವರು, ಜತ್ತ-ಅಕ್ಕಲಕೋಟೆಯವರು ಬರೆದು ತಿಳಿಸಿ. ನಮ್ಮ ಡಬ್ಬದ ಚೀಟಿಗಳಲ್ಲಿ ಇನ್ನೂ ಜಾಗ ಇದೆ.